ನೀರು ತುಂಬಿದರೆ ಸಾಲದು, ಗಾಳಿಯೂ ಹೊರಬರಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದ ಸಾಲದಲ್ಲಿ ಹಳೆಯ ಓಮ್ನಿ ಕೊಂಡು ಹಪ್ಪಳ, ಉಪ್ಪಿನಕಾಯಿ, ತರಕಾರಿಯನ್ನು ಸಂತೆಗೆ ಸಾಗಿಸುವವರು ನಮ್ಮಲ್ಲಿದ್ದೀರಿ. ಓಮ್ನಿ ತಯಾರಿಕೆ 2019ರಲ್ಲಿ ನಿಂತಿದೆ. ಇರುವ ಗಾಡಿಯನ್ನೇ ನಾವು ಜೋಪಾನ ಮಾಡಬೇಕು.

"ನೀರು ಫುಲ್ ಇದೆಯಕ್ಕಾ, ಆದ್ರೂ ಗಾಡಿ ಬಿಸಿಯಾಗ್ತದೆ" ಎಂದು ಡ್ರೈವರ್ ಹೇಳುವುದುಂಟು. ಪೈಪ್ ಬದಲಿಸಿದ ಮೇಲೆ ಅಥವಾ ನೀರು ಪೂರ್ತಿ ಖಾಲಿ ಮಾಡಿ ತುಂಬಿಸಿದ ಮೇಲೆ ಹೀಗಾದರೆ, ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಕಿರಿದಾದ ಬಾಯಿಯ ಬಾಟಲಿಗೆ ಒಮ್ಮೆಲೇ ನೀರು ಸುರಿದು ನೋಡಿ. ಬಾಯಲ್ಲಿ ನೀರು ಉಕ್ಕುತ್ತದೆ, ಒಳಗೆ ಮಾತ್ರ ಖಾಲಿ. ಇಲ್ಲೂ ಅಷ್ಟೇ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಅಲ್ಲಿಂದ ರೇಡಿಯೇಟರಿಗೆ ರಬ್ಬರ್ ಪೈಪುಗಳಿವೆ. ಗಾಳಿ ಅಡ್ಡ ನಿಂತರೆ ನೀರು ಸರಿಯಾಗಿ ತಿರುಗುವುದಿಲ್ಲ. ಗುಳುಗುಳು ಶಬ್ದ, ಬಿಸಿ ತೋರಿಸುವ ಮುಳ್ಳು ಏರಿಳಿಯುವುದು ಇದರ ಗುರುತು. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಕಂತಿನ ಹಣವೆಲ್ಲ ಗ್ಯಾರೇಜಿಗೆ ಹೋದೀತು.

ಮೊದಲು ಎಚ್ಚರಿಕೆಯ ಮಾತು. ಪ್ರೆಶರ್ ಇಳಿಯದೆ ನಾವ್ಯಾರೂ ಕುಕ್ಕರ್ ತೆರೆಯುವುದಿಲ್ಲ ಅಲ್ಲವೇ? ಬಿಸಿ ರೇಡಿಯೇಟರೂ ಕುಕ್ಕರಿನಂತೆಯೇ. ಒತ್ತಡದಿಂದಾಗಿ 100 ಡಿಗ್ರಿ ದಾಟಿದರೂ ನೀರು ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಉಕ್ಕಿ ಮುಖ, ಕೈ ಸುಡುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಮುಟ್ಟಬೇಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ಗಾಳಿ ತೆಗೆಯುವ ಕ್ರಮ ಹೀಗಿದೆ:

1. ನೀರು ಹಾಕುವ ಬಾಯಿ ಎತ್ತರಕ್ಕೆ ಬರುವಂತೆ ಗಾಡಿ ನಿಲ್ಲಿಸಿ. ಗೇರ್ ನ್ಯೂಟ್ರಲ್ ಇರಲಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.
2. ಕೂಲೆಂಟ್ ಬೆರೆಸಿದ ನೀರನ್ನು ನಿಧಾನವಾಗಿ ತುಂಬಿ.
3. ಮುಚ್ಚಳ ಹಾಕದೆ ಎಂಜಿನ್ ನಿಧಾನವಾಗಿ ಓಡಲಿ. ಫ್ಯಾನ್ ತಾನಾಗಿಯೇ ತಿರುಗೀತು. ಸೆರಗು ಬಿಗಿದುಕೊಳ್ಳಿ, ಮುಖ ದೂರವಿರಲಿ.
4. ಬಿಸಿಯಾದಾಗ ಥರ್ಮೋಸ್ಟಾಟ್ ಬಾಗಿಲು ತೆರೆಯುತ್ತದೆ. ಆಗ ಗುಳ್ಳೆ ಬಂದು ನೀರು ಕೆಳಗಿಳಿಯುತ್ತದೆ. ಇಳಿದಷ್ಟನ್ನು ಸ್ವಲ್ಪ ಸ್ವಲ್ಪವೇ ತುಂಬಿ. ಮುಳ್ಳು ಕೆಂಪಿಗೆ ಹೋದರೆ ಕೂಡಲೇ ಎಂಜಿನ್ ನಿಲ್ಲಿಸಿ.
5. ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿಯಾಗಿ ಹಾಕಿ. ಸ್ವಲ್ಪ ದೂರ ಓಡಿಸಿ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ನೋಡಿ ಕಡಿಮೆಯಿದ್ದರೆ ತುಂಬಿ.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಗ್ಯಾಸ್ಕೆಟ್ ಆಗಲೇ ಹೋಗಿರಬಹುದು. ಆಗ ಮೆಕ್ಯಾನಿಕ್ಕೇ ಬೇಕು.

ಈ ಕೆಲಸ ನಾವೇ ಮಾಡಬೇಕೆಂದಿಲ್ಲ. ಆದರೆ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು, "ಗಾಳಿ ಪೂರ್ತಿ ತೆಗೆದ್ರಾ?" ಎಂದು ಕೇಳೋಣ. ಸಂಘದ ಲೆಕ್ಕಪುಸ್ತಕ ಓದಲು ಕಲಿತ ನಮಗೆ ಇದು ದೊಡ್ಡ ಮಾತಲ್ಲ. ಗಾಡಿ ನಮ್ಮದು, ಸಾಲವೂ ನಮ್ಮದೇ.