ರೆಕ್ಕೆಯೊಳಗಿನ ಚೀಲ

ವಿಮಾನವು ತನ್ನ ಪೆಟ್ರೋಲನ್ನು ಎಲ್ಲಿಟ್ಟುಕೊಂಡು ಹಾರುತ್ತದೆ ಎಂದು ಕೇಳಿದರೆ, ಬಸ್ಸು ಲಾರಿಗಳನ್ನು ಕಂಡ ನಾವು ತಗಡಿನ ಟ್ಯಾಂಕನ್ನೇ ಊಹಿಸಿಕೊಳ್ಳುತ್ತೇವೆ. ಅನೇಕ ವಿಮಾನಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ 1947ರಿಂದ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾ, 1956ರಿಂದ ಬಂದ ಸೆಸ್ನಾ 182 ಮೊದಲಾದ ಹಳೆಯ ಸಣ್ಣ ವಿಮಾನಗಳಲ್ಲಿ ಬಹಳಷ್ಟರ ರೆಕ್ಕೆಯೊಳಗೆ ಇರುವುದು ರಬ್ಬರು ಲೇಪಿಸಿದ ಬಟ್ಟೆಯ ಚೀಲ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ವಿಮಾನವಿದ್ಯೆ ನನ್ನದಲ್ಲ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ವಿಮಾನ ನಿಲ್ದಾಣವೂ ಇಲ್ಲ. ಆದರೂ ಈ ಚೀಲದ ವೃತ್ತಾಂತವನ್ನು ಓದಿದಾಗ ಅದು ನನಗೆ ಪರಕೀಯವೆನಿಸಲಿಲ್ಲ. ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಯಲುಸೀಮೆಯ ರೈತನು ತೊಗಲಿನ ಬಾನಿಯ ಗುಣವನ್ನು ಚೆನ್ನಾಗಿ ಬಲ್ಲವನಾಗಿದ್ದನು. ನೆನೆಯುತ್ತಿರುವಷ್ಟು ಕಾಲ ತೊಗಲು ಮೆತ್ತಗಿರುತ್ತದೆ. ಒಣಗಲು ಬಿಟ್ಟರೆ ಸೆಟೆದು ಬಿರಿಯುತ್ತದೆ.

ರಬ್ಬರು ಚೀಲದ ಮುಪ್ಪೂ ಹೀಗೆಯೇ. ರಬ್ಬರನ್ನು ಮೆದುವಾಗಿಡಲು ಬೆರೆಸಿದ ದ್ರವ್ಯಗಳು ವರ್ಷಗಳು ಕಳೆದಂತೆ ಪೆಟ್ರೋಲಿನಲ್ಲಿ ಕರಗಿ ಹೋಗುತ್ತವೆ. ತುಂಬಿರುವಾಗ ಆ ಪೆಟ್ರೋಲೇ ಚೀಲವನ್ನು ಒದ್ದೆಯಾಗಿ ಕಾಯುತ್ತದೆ. ಬರಿದಾಗಿ ಬಿಸಿಲಿನಲ್ಲಿ ನಿಂತ ವಿಮಾನದಲ್ಲಿ ಚೀಲವು ಒಣಗಿ, ಕುಗ್ಗಿ, ಅಂಚುಗಳಲ್ಲಿ ಬಿರುಕು ಬಿಡುತ್ತದೆ. ದಿನವೂ ಹಾರುವ ವಿಮಾನಕ್ಕಿಂತ ಹಾರದೆ ನಿಂತ ವಿಮಾನದ ಚೀಲವೇ ಬೇಗ ಕೆಡಬಹುದೆಂಬುದು ವಿಚಿತ್ರವಾದರೂ ಸತ್ಯ.

ಸೋರಿಕೆಯನ್ನು ಕಂಡುಹಿಡಿಯಬಹುದು: ವಾಸನೆ ಬರುತ್ತದೆ, ರೆಕ್ಕೆಯ ಕೆಳಗೆ ನೀಲಿ ಕಲೆ ಮೂಡುತ್ತದೆ. ಕಣ್ಣಿಗೆ ಬೀಳದ ಅಪಾಯ ಬೇರೊಂದಿದೆ. ಚೀಲದ ತಳದಲ್ಲಿ ಸುಕ್ಕು ಬಿದ್ದರೆ, ಮುಚ್ಚಳದ ಸಂದಿಯಿಂದ ಇಳಿದ ಮಳೆನೀರು ಆ ಸುಕ್ಕಿನ ಹಿಂದೆ ನಿಲ್ಲುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಅದು ತಳದಲ್ಲಿಯೇ ಇದ್ದರೂ ಸುಕ್ಕಿನ ತಡೆಯಿಂದಾಗಿ ಬಸಿಯುವ ತೂಬಿಗೆ ಬಾರದು. ಹಾರುವ ಮುನ್ನ ಬಸಿದು ನೋಡಿದವನಿಗೆ ಶುದ್ಧ ಪೆಟ್ರೋಲೇ ಕಾಣುತ್ತದೆ. ನೆಲ ಬಿಟ್ಟ ಮೇಲೆ ವಿಮಾನ ವಾಲಿದಾಗ ನೀರು ಸುಕ್ಕನ್ನು ದಾಟಿ ಎಂಜಿನ್ನಿಗೆ ಹರಿದರೆ ಎಂಜಿನ್ನು ನಿಂತೀತು. ಆದುದರಿಂದಲೇ 1984ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು, ಇಂತಹ ಚೀಲಗಳಿರುವ ಸೆಸ್ನಾ ವಿಮಾನಗಳಲ್ಲಿ ಸುಕ್ಕುಗಳನ್ನು ಪರೀಕ್ಷಿಸಬೇಕೆಂದು ಆಜ್ಞೆ ಹೊರಡಿಸಿತು.

ಚೀಲ ಬದಲಿಸುವ ಕೆಲಸ ತಾಳ್ಮೆಯದು. ರೆಕ್ಕೆಯ ಮೇಲಿನ ಕಿರಿದಾದ ಕಿಂಡಿಯಿಂದ ಹಳೆಯದನ್ನು ಹೊರಗೆಳೆಯಬೇಕು. ಒಳಗಿನ ಕಸವನ್ನು ತೆಗೆದು, ಚೀಲವನ್ನು ಕೊಯ್ಯಬಹುದಾದ ಲೋಹದ ಅಂಚುಗಳಿಗೆ ಪಟ್ಟಿ ಅಂಟಿಸಬೇಕು. ಹೊಸ ಚೀಲವನ್ನು ಬೆಚ್ಚಗೆ ಮಾಡಿ, ಮೃದುವಾದ ಮೇಲೆ ಮಡಿಸಿ, ಅದೇ ಕಿಂಡಿಯಿಂದ ಒಳಗೆ ತೂರಿಸಿ ಬಿಡಿಸಬೇಕು. ಬಳಿಕ ಕಣ್ಣಿಗೆ ಕಾಣದ ಗುಂಡಿಗಳನ್ನು ತೋಳು ಚಾಚಿ, ಬೆರಳ ತುದಿಯಿಂದಲೇ ಒಂದೊಂದಾಗಿ ಸಿಕ್ಕಿಸಬೇಕು. ಒಂದು ಗುಂಡಿ ತಪ್ಪಿದರೂ ಅಲ್ಲಿ ಚೀಲ ಜೋತು ಬಿದ್ದು ಹೊಸ ಸುಕ್ಕಿಗೆ ದಾರಿಯಾಗಬಹುದು.

ಸೈಕಲ್ ಟ್ಯೂಬಿನಂತೆ ತೇಪೆ ಹಾಕಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಒಂದೆಡೆ ತೂತಾದ ಗಟ್ಟಿ ಚೀಲಕ್ಕೆ ತೇಪೆ ಸಲ್ಲುತ್ತದೆ. ಮೈಯೆಲ್ಲ ಸೆಟೆದ ಚೀಲಕ್ಕೆ ಸಲ್ಲದು, ತೇಪೆಯ ಪಕ್ಕದಲ್ಲಿಯೇ ಇನ್ನೊಂದು ಬಿರುಕು ಹುಟ್ಟುತ್ತದೆ. ಹಳೆಯದನ್ನು ಉಳಿಸಬೇಕೆನ್ನುವ ನಮ್ಮಂಥವರು ಮನಗಾಣಬೇಕಾದ ಮಾತಿದು. ಎಪ್ಪತ್ತು ವರ್ಷದ ವಿಮಾನ ಇಂದಿಗೂ ಹಾರುತ್ತಿದ್ದರೆ, ಅದರೊಳಗೆ ಕೆಟ್ಟದ್ದನ್ನು ಕೆಟ್ಟಿತೆಂದು ಒಪ್ಪಿ, ಕಾಲಕಾಲಕ್ಕೆ ತೆಗೆದುಹಾಕಿದ ಕೈಗಳಿವೆ. ರೆಕ್ಕೆಯ ಮುಚ್ಚಳ ಬಿಗಿದ ಮೇಲೆ ಆ ಕೆಲಸವನ್ನು ಯಾರೂ ಕಾಣರು. ಮೇಲೆ ಕುಳಿತವರ ಪ್ರಾಣ ಮಾತ್ರ ಅದನ್ನೇ ನಂಬಿರುತ್ತದೆ.