ಹರಿದುಹೋಗುವ ನೀರಿಗೆ ಒಂದು ಕಟ್ಟು
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಠೇವಣಿ, ಡಿವಿಡೆಂಡುಗಳ ಲೆಕ್ಕವನ್ನು ಕಾರ್ಯದರ್ಶಿಯವರು ಆಗಲೇ ಒಪ್ಪಿಸಿದ್ದಾರೆ. ಈ ಶುಭ ಸಂದರ್ಭದಲ್ಲಿ ನಾವು ನೀರಿನ ಲೆಕ್ಕ ಹೇಳಬೇಕೆಂದಿದ್ದೇವೆ.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅಂದರೆ ಒಂದು ಎಕರೆ ಗದ್ದೆಯ ಮೇಲೆ ಬೀಳುವ ನೀರೇ 1 ಕೋಟಿ 40 ಲಕ್ಷ ಲೀಟರ್! ಅದರ ಬಹುಪಾಲು ಜೂನ್‌ನಿಂದ ಸಪ್ಟೆಂಬರ್‌ದೊಳಗೆ ಸುರಿದು, ವೆಂಕಟಾಪುರ ಹೊಳೆ, ಶರಾವತಿ, ಅಘನಾಶಿನಿಗಳ ಮೂಲಕ ಸಮುದ್ರ ಸೇರುತ್ತದೆ. ಘಟ್ಟಕ್ಕೂ ಕಡಲಿಗೂ ನಡುವಿನ ನೆಲ ಕಿರಿದು, ಇಳಿಜಾರು ಹೆಚ್ಚು. ಚಿರೆಕಲ್ಲಿನ ನೆಲವಂತೂ ನೀರು ಕುಡಿಯುತ್ತದೆ, ಹಿಡಿದಿಡುವುದಿಲ್ಲ. ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಹೊಳೆಯಲ್ಲಿ ಸಿಹಿನೀರು ಇಳಿದಂತೆ ಭರತದ ಜೊತೆ ಉಪ್ಪುನೀರು ಮೇಲೇರುತ್ತದೆ.

ಇದರ ಪೆಟ್ಟು ಹೆಚ್ಚಾಗಿ ಹತ್ತಿಪ್ಪತ್ತು ಗುಂಟೆ ಗದ್ದೆಯವರಿಗೆ. ಭತ್ತ ಕೊಯ್ದ ಮೇಲೆ ಶೇಂಗಾ, ಉದ್ದು, ತರಕಾರಿ, ಕುಮಟೆಯ ಕಡೆ ಸಿಹಿ ಈರುಳ್ಳಿ, ಭಟ್ಕಳದ ಕಡೆ ನಾಲ್ಕು ಮಲ್ಲಿಗೆ ಗಿಡ — ಹದಕ್ಕೆ ನೀರು ಸಿಕ್ಕರೆ ಮನೆ ಖರ್ಚು ಸಾಗುತ್ತದೆ. ಸಿಗದಿದ್ದರೆ ಕೂಲಿಗೆ ಊರು ಬಿಡಬೇಕು.

ಹಾಗಾದರೆ ಹೊಂಡ ತೋಡಬಹುದಲ್ಲ ಅಂತೀರಿ. 100 ಅಡಿ ಉದ್ದ, 50 ಅಡಿ ಅಗಲ, 10 ಅಡಿ ಆಳದ ಹೊಂಡದಲ್ಲಿ 14 ಲಕ್ಷ ಲೀಟರ್ ನಿಲ್ಲುತ್ತದೆ. ಇಂಗಿ, ಆವಿಯಾಗಿ ಅರ್ಧ ಹೋದರೂ ಏಳು ಎಕರೆಗೆ ಒಂದೊಂದು ಅಂಗುಲ ನೀರು ಹಾಯಿಸಬಹುದು. ಆದರೆ ಆ ಹೊಂಡಕ್ಕೇ ನಾಲ್ಕೂವರೆ ಗುಂಟೆ ಜಾಗ ಬೇಕು. ಹತ್ತು ಗುಂಟೆಯವನು ಅಷ್ಟು ಕೊಟ್ಟರೆ ಅವನಿಗೆ ಉಳಿಯುವುದೇನು? ಆದ್ದರಿಂದಲೇ ಇದು ಹತ್ತು ಮನೆ ಸೇರಿ ಮಾಡುವ ಕೆಲಸ.

ಹಳ್ಳಕ್ಕೆ ಕಿಂಡಿ ಅಣೆಕಟ್ಟು ಕಟ್ಟಿದರೂ ಮಾತು ಇದೇ. ಸಿಮೆಂಟಿನ ಕೆಲಸ ಸರ್ಕಾರ ಮಾಡಿಕೊಡಬಹುದು. ಮಳೆ ನಿಂತ ಮೇಲೆ, ಹರಿವು ಇರುವಾಗಲೇ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಬೇಕಾದವರು ಯಾರು? ತಡವಾದರೆ ನಿಲ್ಲಿಸಲು ನೀರೇ ಇರದು. ಮೇ ತಿಂಗಳಲ್ಲಿ ಹಲಗೆ ತೆಗೆಯದಿದ್ದರೆ ನೆರೆ ಬಂದು ದಂಡೆ ಕೊರೆದು ಪಕ್ಕದ ಗದ್ದೆಗೇ ನುಗ್ಗುತ್ತದೆ. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರೇ ಕೂಡಿ ವರ್ಷ ವರ್ಷವೂ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ಇದೆ. ಅಲ್ಲಿ ಸಾಧ್ಯವಾದದ್ದು ನಮ್ಮಲ್ಲಿ ಯಾಕಾಗಬಾರದು?

ಕಷ್ಟ ಇರುವುದು ಹಂಚಿಕೆಯಲ್ಲಿ. ಮೇಲಿನವನು ದೊಡ್ಡ ಪಂಪು ಇಟ್ಟರೆ ಕೆಳಗಿನವನಿಗೆ ಕೆಸರೇ ಗತಿ. ಆದ್ದರಿಂದ ಕಟ್ಟುವ ಮೊದಲೇ ಸರದಿ ಬರೆದಿಡೋಣ: ಮೊದಲು ಕುಡಿಯುವ ನೀರು, ಆಮೇಲೆ ಸಣ್ಣ ಹಿಡುವಳಿಯ ಬೇಸಿಗೆ ಬೆಳೆ, ಅನಂತರ ತೋಟ. ತೋಟದವರಿಗೆ ಇದು ಕಹಿಯಾದೀತು, ಬಲ್ಲೆವು. ಕಟ್ಟಿನಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಿಗೂ ಒರತೆ ಬರುತ್ತದೆಂಬುದನ್ನು ಅವರೂ ನೆನೆಯಬೇಕು.

1905ರಲ್ಲಿ ಗದುಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬನಿಂದಾಗದ್ದು ಹತ್ತು ಜನರಿಂದ ಆದೀತೆಂಬ ನಂಬಿಕೆಯಿಂದ. ಹಣಕ್ಕೆ ಅನ್ವಯಿಸಿದ ಆ ಮಾತು ನೀರಿಗೂ ಅನ್ವಯಿಸಲಿ. ಬರುವ ಮಹಾಸಭೆಯಲ್ಲಿ ಹಲಗೆ ಹಾಕುವ ದಿನ, ಆಳಿನ ಪಾಳಿ, ನೀರಿನ ಸರದಿ ಈ ಮೂರನ್ನೂ ಠರಾವಿನಲ್ಲಿ ಬರೆಯೋಣ. ಸಹಿ ಹಾಕಿದವರೆಲ್ಲ ಆ ದಿನ ಹಾರೆ, ಬುಟ್ಟಿ ಹಿಡಿದು ಹಳ್ಳಕ್ಕೆ ಬನ್ನಿ ಎಂದು ಪ್ರಾರ್ಥಿಸಿ ನಮ್ಮ ಮಾತು ಮುಗಿಸುತ್ತೇವೆ.