ಏಳು ವರ್ಷ ಎಂದು ಬರೆದ ಶಿಕ್ಷೆ

ಕರಿನೀರಿನ ಶಿಕ್ಷೆ ಎಂದೊಡನೆ ನಮ್ಮ ಮನಸ್ಸು ಅಂಡಮಾನಿಗೆ ಹೋಗುತ್ತದೆ. ಅದಕ್ಕೆ ಎಪ್ಪತ್ತು ವರ್ಷ ಮೊದಲೇ ಬ್ರಿಟಿಷ್ ಸರ್ಕಾರ ತನ್ನದೇ ದೇಶದ ಕೈದಿಗಳನ್ನು ಹಡಗಿಗೆ ತುಂಬಿ ಆಸ್ಟ್ರೇಲಿಯಾಕ್ಕೆ ಸಾಗಿಸತೊಡಗಿತ್ತು. 1788ರಲ್ಲಿ ಮೊದಲ ಹಡಗುಗಳು ಸಿಡ್ನಿ ಮುಟ್ಟಿದವು. ಅದು ಗಡಿಗಲ್ ಜನ ತಲೆತಲಾಂತರದಿಂದ ಬಾಳಿದ ನೆಲ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

1792ರ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದ ‘ರಾಯಲ್ ಅಡ್ಮಿರಲ್’ ಹಡಗಿನಲ್ಲಿ ಮೇರಿ ಹೇಡಾಕ್ ಎಂಬ ಹದಿನೈದರ ಹುಡುಗಿಯಿದ್ದಳು. ಇಂಗ್ಲೆಂಡಿನ ಲ್ಯಾಂಕಾಶೈರಿನವಳು. ಹೆತ್ತವರಿಲ್ಲದೆ ಅಜ್ಜಿಯ ಆಸರೆಯಲ್ಲಿ ಬೆಳೆದವಳು. ಗಂಡುಡುಗೆ ತೊಟ್ಟು ಓಡಾಡುತ್ತಿದ್ದಾಗ ಕುದುರೆ ಕದ್ದಳೆಂದು ಸಿಕ್ಕಿಬಿದ್ದಳು. ಆಕೆಗೆ ವಿಧಿಸಿದ್ದು ಏಳು ವರ್ಷದ ಗಡೀಪಾರು.

ದಡ ಮುಟ್ಟಿದ ಹೊಸತರಲ್ಲೇ ಆಕೆ ಊರಿನ ಅತ್ತೆಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಇಲ್ಲಿಂದ ಬಿಡುಗಡೆ ಇಲ್ಲ, ಬದುಕಿರುವಷ್ಟು ಕಾಲ ಇಲ್ಲೇ ಎಂದು ಅವಳಿಗೆ ಯಾರೋ ಹೇಳಿದ್ದರು. ಆದರೂ ಊರಿಗೆ ಮರಳುವ ಆಸೆಯನ್ನು ಹುಡುಗಿ ಬಿಟ್ಟಿರಲಿಲ್ಲ.

ಆ ಮಾತು ಬರೀ ಬೆದರಿಕೆಯಾಗಿರಲಿಲ್ಲ ಎನ್ನುವುದೇ ನನ್ನನ್ನು ಕಾಡುತ್ತದೆ. ಕೈದಿಯನ್ನು ಕರೆದೊಯ್ಯಲು ಸರ್ಕಾರ ಹಡಗಿನ ಖರ್ಚು ಕೊಡುತ್ತಿತ್ತು. ಅವಧಿ ಮುಗಿದ ಮೇಲೆ ಮರಳಿ ಕರೆತರಲು ಒಂದು ಕಾಸೂ ಕೊಡುತ್ತಿರಲಿಲ್ಲ. ಗಂಡಸಾದರೆ ಹಡಗಿನಲ್ಲಿ ನಾವಿಕನ ಕೆಲಸ ಹಿಡಿದು ಹೇಗೋ ಊರು ಸೇರಬಹುದಿತ್ತು. ಹೆಂಗಸಿಗೆ ಆ ದಾರಿಯೂ ಇರಲಿಲ್ಲ. ಕೋರ್ಟು ಏಳು ವರ್ಷವೆಂದು ಬರೆಯಿತು, ನಡುವಿನ ಸಮುದ್ರ ಅದನ್ನು ಜೀವಾವಧಿ ಮಾಡಿತು. ತನ್ನ ತೀರ್ಪಿನಲ್ಲಿ ಇಲ್ಲದ ಶಿಕ್ಷೆಯನ್ನು ಒಂದು ಸರ್ಕಾರ ಹೀಗೆ ಸದ್ದಿಲ್ಲದೆ ಕೊಡುವುದು ಅನ್ಯಾಯವೇ ಸರಿ.

ಮೇರಿ 1794ರಲ್ಲಿ ಥಾಮಸ್ ರೀಬಿ ಎಂಬಾತನನ್ನು ಮದುವೆಯಾದಳು. ಅವನು ಹಡಗು ವ್ಯಾಪಾರ ಹಿಡಿದ. 1811ರಲ್ಲಿ ಅವನು ತೀರಿಕೊಂಡಾಗ ಆಕೆಯ ಮಡಿಲಲ್ಲಿ ಏಳು ಮಕ್ಕಳು. ಅಂಗಡಿ, ಹಡಗು, ಗೋದಾಮು ಎಲ್ಲವನ್ನೂ ತಾನೇ ನಡೆಸಿದಳು, ಬೆಳೆಸಿದಳು. 1817ರಲ್ಲಿ ಆ ವಸಾಹತಿನ ಮೊದಲ ಬ್ಯಾಂಕು ಬಾಗಿಲು ತೆರೆದದ್ದು ಆಕೆಯ ಮನೆಯಲ್ಲೇ. ಇವತ್ತು ಆಸ್ಟ್ರೇಲಿಯಾದ ಇಪ್ಪತ್ತು ಡಾಲರ್ ನೋಟಿನ ಮೇಲೆ ಕನ್ನಡಕ ತೊಟ್ಟ ಆಕೆಯ ಮುಖವಿದೆ.

1820ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮೇರಿ ಹುಟ್ಟೂರಿನ ಕಡೆ ಹೊರಟಳು. ಗಡೀಪಾರಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಹಣವಿತ್ತು, ಹೋದಳು. ಲ್ಯಾಂಕಾಶೈರಿನ ಜನ ಆದರದಿಂದಲೇ ಬರಮಾಡಿಕೊಂಡರು. ಮರುವರ್ಷ ಆಕೆ ಸಿಡ್ನಿಗೆ ತಾನಾಗಿಯೇ ಹಿಂದಿರುಗಿದಳು.

ಇಂಥ ಗೆಲುವಿನ ಕಥೆಯನ್ನು ಹೇಳುವುದು ಸುಲಭ, ಕೇಳುವುದೂ ಹಿತ. ಆದರೆ 1868ರಲ್ಲಿ ಕೊನೆಯ ಹಡಗು ಬರುವ ಹೊತ್ತಿಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು ಸುಮಾರು 1,62,000. ಅವರಲ್ಲಿ ಹೆಂಗಸರೇ ಇಪ್ಪತ್ತೈದು ಸಾವಿರದಷ್ಟು. ಅವಧಿ ಮುಗಿಸಿದ ಮೇಲೂ ಅವರಲ್ಲಿ ಹೆಚ್ಚಿನವರು ತಾಯಿಯ ಮುಖವನ್ನಾಗಲಿ, ಬಿಟ್ಟುಬಂದ ಮಕ್ಕಳ ಮುಖವನ್ನಾಗಲಿ ಮತ್ತೆ ಕಾಣಲಿಲ್ಲ.